ಹರಾಜಿನ ಕಟ್ಟೆ

"ಅಂಗಿ ಬಿಚ್ಕ್ ಅಂದ್ರೆ ಬಿಚ್ಕ್! ಕೆಮಿ ಕೇಣುದಿಲ್ಯಾ ಬೇವರ್ಸಿಗಳಾ?"

ಮ್ಯಾನೇಜರ್ ಹರ್ಷಿತ್ ಬೈದದ್ದು ಕುಂದಾಪುರದ ಕನ್ನಡದಲ್ಲಿ. ದುಬೈಯ ಅಲ್ ಕೂಜ್‌ನ ಲೇಬರ್ ಕ್ಯಾಂಪಿನ ಅಂಗಳದಲ್ಲಿ ಸಾಲಾಗಿ ನಿಂತವರಲ್ಲಿ ಹೆಚ್ಚಿನವರಿಗೆ ಆ ಮಾತು ಬರುತ್ತಿರಲಿಲ್ಲ. ಆದರೆ ಬೈಗುಳ ಯಾರಿಗಾದರೂ ಅರ್ಥವಾಗುತ್ತದೆ. ಒಬ್ಬೊಬ್ಬರಾಗಿ ಅಂಗಿ ಕಳಚಿದರು. ರಜೆಯ ದಿನವಾದ್ದರಿಂದ ಕೆಲವರು ಬಟ್ಟೆ ಒಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು, ಅವರ ಕೈಯಲ್ಲಿನ್ನೂ ಸೋಪಿನ ನೊರೆ ಇತ್ತು.

ಹರ್ಷಿತ್ ಮೊಬೈಲು ಎತ್ತಿ ಹಿಡಿದು ಸಾಲಿನುದ್ದಕ್ಕೂ ವಿಡಿಯೋ ತೆಗೆಯುತ್ತ ನಡೆದ. ಒಬ್ಬನ ತೋಳು ಒತ್ತಿ ನೋಡಿದ. ಇನ್ನೊಬ್ಬನಿಗೆ ಹೊಟ್ಟೆ ಇದೆಯೆಂದು ಹಿಂದಕ್ಕೆ ತಳ್ಳಿದ. ತನ್ನೂರಿನ ಅಂಗಾರನ ಎದುರು ಬಂದು ನಿಂತವನು ನಕ್ಕ.

"ನಿಂದ್ ಕಾಂಬುದೇ ಬ್ಯಾಡ. ನೀ ಒರಿಜಿನಲ್."

ಇವರೆಲ್ಲ ಶಾಲೆಗಳಿಗೂ ಮಾಲ್‌ಗಳಿಗೂ ಕಸ ಗುಡಿಸಲು, ಪಾಯಿಖಾನೆ ತೊಳೆಯಲು ಆಳು ಒದಗಿಸುವ ಕಂಪನಿಯ ಕೆಲಸಗಾರರು. ಅಂಗಾರನಿಗೆ ಎರಡು ವರ್ಷದಿಂದ ಒಂದೇ ಶಾಲೆ. ಅಮೆರಿಕದ ಪಾಠ ಹೇಳಿಕೊಡುವ ದೊಡ್ಡ ಶಾಲೆ. ಆ ಶಾಲೆಯಲ್ಲಿ ಮುಂದಿನ ವಾರ ಚರಿತ್ರೆಯ ನಾಟಕವಿತ್ತು. ಅಧ್ಯಕ್ಷನಾಗಲು, ಸೈನಿಕನಾಗಲು, ಹತ್ತಿಯ ತೋಟದ ಯಜಮಾನಿಯಾಗಲು ಮಕ್ಕಳು ಜಗಳಾಡಿಕೊಂಡು ಬಂದಿದ್ದರು. ಗುಲಾಮರಾಗಲು ಯಾರೂ ಬರಲಿಲ್ಲ. ಇಬ್ಬರು ಮಕ್ಕಳನ್ನು ಟೀಚರು ಹೇಗೋ ಒಪ್ಪಿಸಿದ್ದರೆ, ಅವರ ತಾಯಂದಿರು ಶಾಲೆಗೇ ಬಂದು ಕೂಗಾಡಿ ಹೋಗಿದ್ದರು. ಕೊನೆಗೆ ಹರ್ಷಿತ್ ಹೇಳಿದ್ದನಂತೆ: ನಮ್ಮ ಹುಡುಗರಿದ್ದಾರಲ್ಲ ಮೇಡಂ, ಮಾತಾಡಲಿಕ್ಕಿಲ್ಲ, ಸುಮ್ಮನೆ ನಿಲ್ಲುವುದು ತಾನೆ? ನಾಟಕದ ಖರ್ಚೂ ಅವನ ಕಂಪನಿಯದೇ. ಅವನ ಮಗಳು ಪ್ರಾಪ್ತಿಗೆ ಹರಾಜು ಕೂಗುವವನ ಪಾತ್ರ.

ನಾಲ್ವರನ್ನು ಆರಿಸಿದರು. ಅಂಗಾರ, ಫರಂಗಿಪೇಟೆಯ ಇಮ್ತಿಯಾಜ್, ನೇಪಾಳದ ದಿಲ್‌ಬಹಾದ್ದೂರ್ ಮತ್ತು ಅವನ ಊರಿನವನೇ ಆದ ಕೃಷ್ಣ.

ಉಳಿದವರು ಅಂಗಿ ಹಾಕಿಕೊಂಡು ಚದುರಿದ ಮೇಲೆ ಅಂಗಾರ ಹರ್ಷಿತನ ಕಾರಿನ ಬಳಿ ಹೋದ.

"ಸರ್, ನನ್ ಪಾಸ್‌ಪೋರ್ಟ್. ರಜೆ ಸ್ಯಾಂಕ್ಷನ್ ಆಯ್ತಂದ್ರಿ. ಹೆಂಡ್ತಿ ಗುಲಾಬಿಗೆ ದಿನ ತುಂಬ್ತಾ ಬಂತ್."

"ಟಿಕೆಟ್ ಮಾಡ್ಸುವ. ನಾಟ್ಕ ಮುಗೀಲಿ."

"ಹ್ವಾದ್ ಎರಡ್ ಸಲವೂ ಮಗು ಉಳೀಲಿಲ್ಲ ಸರ್. ಆಸ್ಪತ್ರೆಗ್ ಕರ್ಕಂಡ್ ಹೋಪುಕೆ ಯಾರೂ ಇರ್ಲಿಲ್ಲ. ಈ ಸಲ ನಾನ್ ಹೋಯ್ಕೇ."

ಹರ್ಷಿತ್ ಕಾರಿನ ಬಾಗಿಲು ತೆರೆದು ಎಸಿ ಹಾಕಿ, ಒಳಗೆ ಕೂರದೆ ನಿಂತ. ಅವನಿಗೆ ಏನೋ ನೆನಪಾದಂತಿತ್ತು.

"ನಿನ್ನ ಅಜ್ಜಿ ಕೊರ್ಪೊಳು ನಮ್ ಮನಿ ಅಂಗಳ್ದಾಗೆ ಕೂತ್ ತಿಂದದ್ ಗೊತ್ತಿತ್ತಾ ನಿಂಗೆ? ನಾನ್ ಹೊಟ್ಟೆಲಿಪ್ಪತಿಗೆ. ಅಮ್ಮ ಈಗ್ಲೂ ಹೇಳ್ತ್. ಹಾಂಗ್ ಮಾಡ್ಸಿದ್ಕೇ ನಾ ಉಳ್ದದ್ದಂಬ್ರ್." ಅವನು ಅದನ್ನು ಹಳೆಯ ನೆಂಟಸ್ತನವೊಂದನ್ನು ನೆನಪಿಸುವ ಹಾಗೆ ಹೇಳಿದ. "ನಮ್ಗೂ ನಿಮ್ಗೂ ಈಗಿನ್ ಸಂಬಂಧ ಅಲ್ಲ ಮಾರಾಯ. ನಿಂಗೆ ನಾ ಮೋಸ ಮಾಡ್ತ್ನಾ?"

ಅಂಗಾರನಿಗೆ ಗೊತ್ತಿತ್ತು. ಕೊರಗರ ಕೇರಿಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಡೆಯರ ದೊಡ್ಮನೆಯಲ್ಲಿ ಬಸುರಿಗೆ ಕಂಟಕವಿದೆಯೆಂದಾದರೆ ಅವಳ ಉಗುರು, ಕೂದಲು ಅನ್ನದಲ್ಲಿ ಕಲಸಿ ಕೊರಗರನ್ನು ಕರೆಸಿ ತಿನ್ನಿಸುತ್ತಿದ್ದರು. ಕಂಟಕ ತಿಂದವರಿಗೆ ಹೋಗಬೇಕು, ಮಗು ದೊಡ್ಮನೆಗೆ ಉಳಿಯಬೇಕು. ಈಗ ಅದಕ್ಕೆ ಕಾನೂನಿನ ನಿಷೇಧವಿದೆ. ಆಗ ಅಜ್ಜಿ ತಿಂದು ಬಂದು ಮನೆಯ ಹಿಂದೆ ಬೆರಳು ಹಾಕಿ ಕಾರಿಕೊಂಡಿದ್ದಳು. ಮತ್ತೆ ಆ ಮನೆಯ ಮಗುವಿನ ನಾಮಕರಣಕ್ಕೆ ಹೊರಗೆ ನಿಂತು ಡೋಲು ಬಡಿದಿದ್ದಳು.

"ಇಲ್ಲ ಸರ್," ಎಂದ ಅಂಗಾರ.

"ಊರಲ್ಲಾರೆ ಒಡೆಯಾ ಅಂತಿದ್ದೆ. ಇಲ್ಲಿ ಸರ್ ಆಯ್ತ್. ದುಬೈ!" ಹರ್ಷಿತ್ ನಗುತ್ತಾ ಕಾರಿನೊಳಗೆ ಕೂತ.

*

ತಾಲೀಮಿನ ದಿನ ನಾಲ್ವರಿಗೂ ಮೊದಲು ಸಿಕ್ಕ ಕೆಲಸ ವೇದಿಕೆಯ ಹಿಂಬದಿಗೆ ಅಮೆರಿಕದ ಭೂಪಟ ಕಟ್ಟುವುದು. ಗೋಡೆಯಷ್ಟು ಅಗಲದ ಬಟ್ಟೆ. ಅಂಗಾರ ಏಣಿ ಹತ್ತಿದ, ಇಮ್ತಿಯಾಜ್ ಕೆಳಗೆ ಹಿಡಿದುಕೊಂಡ. ಮೇಲ್ಭಾಗಕ್ಕೆ ನೀಲಿ, ಕೆಳಭಾಗಕ್ಕೆ ಬೂದು, ಎಡಗಡೆ ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಬಣ್ಣವೇ ಇರಲಿಲ್ಲ.

ಚರಿತ್ರೆಯ ಟೀಚರ್ ಫಿಯೋನಾ ಮಂಗಳೂರಿನವರು. ಒಳ್ಳೆಯವರು. ಕೆಲಸದವರನ್ನೂ ಹೆಸರು ಹಿಡಿದು ಕರೆಯುವವರು ಆ ಶಾಲೆಯಲ್ಲಿ ಅವರೊಬ್ಬರೇ. ನಾಲ್ವರಿಗೂ ಜ್ಯೂಸ್ ತರಿಸಿಕೊಟ್ಟು ಅವರು ಭೂಪಟದ ಎದುರು ನಿಂತರು.

"ನೀವು ಯಾವುದರಲ್ಲಿ ಪಾರ್ಟು ಮಾಡ್ತಾ ಇದ್ದೀರಿ ಅಂತ ನಿಮಗೂ ಗೊತ್ತಿರಬೇಕಲ್ಲ. ಈ ಬೂದು ಬಣ್ಣದ ಕಡೆ ಹತ್ತಿಯ ತೋಟಗಳು. ಆಫ್ರಿಕಾದಿಂದ ಜನರನ್ನು ಹಡಗಲ್ಲಿ ತುಂಬಿ ತಂದು ಮಾರ್ತಾ ಇದ್ದರು. ಅವರ ಮಕ್ಕಳನ್ನೂ ಮಾರ್ತಾ ಇದ್ದರು. ಈ ನೀಲಿ ಕಡೆ ಅದನ್ನು ನಿಲ್ಲಿಸಿದ್ದರು."

"ಈ ಬಿಳಿ ಜಾಗ?" ಇಮ್ತಿಯಾಜ್ ಕೇಳಿದ.

"ಅದೇ ಜಗಳದ ಮೂಲ. ದೇಶ ಪಶ್ಚಿಮಕ್ಕೆ ಬೆಳೀತಾ ಹೋಯಿತು. ಸ್ವಲ್ಪ ಫ್ರಾನ್ಸಿನಿಂದ ಖರೀದಿ ಮಾಡಿದ್ದು, ಸ್ವಲ್ಪ ಮೆಕ್ಸಿಕೋದವರ ಮೇಲೆ ಯುದ್ಧ ಮಾಡಿ ಕಿತ್ತುಕೊಂಡದ್ದು."

"ಅಲ್ಲಿ ಜನ ಇರ್ಲಿಲ್ವಾ?"

"ಇದ್ದರು. ಆದಿವಾಸಿಗಳು. ಅವರನ್ನು ಓಡಿಸಿದರು." ಫಿಯೋನಾ ಟೀಚರ್ ಕೈಯನ್ನು ಭೂಪಟದ ಇನ್ನೊಂದು ಬದಿಗೆ ಸರಿಸಿದರು. "ಹೊಸ ಜಾಗ ಸೇರಿದಾಗೆಲ್ಲ ಅದೇ ಪ್ರಶ್ನೆ. ಇಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದಾ, ಬಾರದಾ? ಆ ಜಗಳ ಹೆಚ್ಚಾಗಿ ದೇಶವೇ ಎರಡು ಹೋಳಾಯಿತು. ದೊಡ್ಡ ಯುದ್ಧ ಆಯಿತು."

ಅಂಗಾರ ಏಣಿಯ ಮೇಲಿಂದಲೇ ಕೇಳಿದ. "ಓಡಿ ಹೋದ್ರೆ?"

"ಹಾಂ?"

"ಆ ಬೂದು ಬದಿಯವ್ರ್ ನೀಲಿ ಬದಿಗೆ ಓಡಿ ಹೋದ್ರೆ? ಬಿಡ್ತಿದ್ರಾ?"

"ಇಲ್ಲ. ಹಿಡಿದು ವಾಪಸು ಕೊಡಬೇಕು ಅಂತ ಕಾನೂನೇ ಇತ್ತು. ನೀಲಿ ಕಡೆಯವರೂ ಹಿಡಿದು ಕೊಡಬೇಕಿತ್ತು."

ಇಮ್ತಿಯಾಜ್ ಗೊಳ್ಳನೆ ನಕ್ಕ. "ಆಬ್‌ಸ್ಕಾಂಡಿಂಗ್ ಕೇಸು! ಆಗಲೂ ಇತ್ತಾ ಟೀಚರ್?" ಕ್ಯಾಂಪು ಬಿಟ್ಟು ಹೋದವನ ಮೇಲೆ ಕಂಪನಿ 'ಓಡಿಹೋದ' ಎಂದು ದೂರು ಹಾಕಿದರೆ ಅವನಿಗೆ ಎಲ್ಲೂ ಕೆಲಸವಿಲ್ಲ, ಊರಿಗೂ ದಾರಿಯಿಲ್ಲ. ಆ ಪದ ಇಂಗ್ಲಿಷು ಬಾರದ ನೇಪಾಳಿಗಳಿಗೂ ಗೊತ್ತಿತ್ತು. ದಿಲ್‌ಬಹಾದ್ದೂರ್ ತಲೆಯೆತ್ತಿ ನೋಡಿದ.

"ಛೆ, ಅದೂ ಇದೂ ಒಂದೇ ಅಲ್ಲ ಇಮ್ತಿಯಾಜ್," ಎಂದರು ಟೀಚರು. "ನಿಮಗೆ ಸಂಬಳ ಉಂಟು. ನೀವು ಸಹಿ ಹಾಕಿ ಬಂದವರು."

"ಹೌದು ಟೀಚರ್, ನಾನು ಸುಮ್ನೆ ಹೇಳಿದ್ದು." ಅವನು ಜ್ಯೂಸಿನ ಖಾಲಿ ಡಬ್ಬಿಗಳನ್ನು ಹೆಕ್ಕತೊಡಗಿದ.

ಅಷ್ಟು ಹೊತ್ತಿಗೆ ಹರ್ಷಿತ್ ಬಂದ. ಗ್ಯಾರೇಜಿನಿಂದ ತಂದ ಕಬ್ಬಿಣದ ಸರಪಣಿಯನ್ನು ಧೊಪ್ಪನೆ ವೇದಿಕೆಯ ಮೇಲೆ ಹಾಕಿದ.

"ಪ್ಲಾಸ್ಟಿಕ್ ಸಾಕಿತ್ತು ಸರ್," ಎಂದರು ಟೀಚರು.

"ಭಾರ ಇದ್ದರೆ ಆ್ಯಕ್ಟಿಂಗ್ ಹೇಳಿಕೊಡಬೇಕಾಗಿಲ್ಲ ಮೇಡಂ."

ಆಮೇಲೆ ಅವನು ಅಂಗಾರನನ್ನು ಪಕ್ಕಕ್ಕೆ ಕರೆದು, ತಲೆ ತಗ್ಗಿಸಿ ನಿಲ್ಲುವುದು ಹೇಗೆಂದು ತೋರಿಸಿದ. "ನಿನ್ನಪ್ಪ ನಮ್ ಬಾಗ್ಲಲ್ಲ್ ನಿಲ್ತಿದ್ದ ಕಾಣ್, ಹಾಂಗೆ. ಅಷ್ಟೇ ಸಾಕ್."

ರಾತ್ರಿ ಊರಿಗೆ ಫೋನು ಮಾಡಿದಾಗ ಗುಲಾಬಿ, "ಯಾವತ್ತ್ ಬತ್ರಿ?" ಎಂದು ಕೇಳಿದಳು. ಕಾಲು ಊದಿದೆಯಂತೆ, ಆಸ್ಪತ್ರೆಯವರು ಜಾಗ್ರತೆ ಎಂದಿದ್ದಾರಂತೆ. ನಾಟಕದ ವಿಷಯ ಅವನು ಹೇಳಲಿಲ್ಲ. ಶಾಲೆಯಲ್ಲಿ ಫಂಕ್ಷನ್ ಇದೆ, ಮುಗಿದ ಕೂಡಲೇ ಬರುತ್ತೇನೆಂದ.

*

ನಾಟಕದ ಬೆಳಗ್ಗೆ ಬಣ್ಣ ಹಚ್ಚಲು ಕರಾಮದ ಪೇಟೆಯಿಂದ ಒಬ್ಬನನ್ನು ಕರೆಸಿದ್ದರು. ಅವನು ನೇಪಾಳಿಗಳಿಬ್ಬರ ಮುಖ, ಎದೆ, ಕೈಗಳಿಗೆ ಕಪ್ಪು ಬಳಿದ. ಇಮ್ತಿಯಾಜನಿಗೂ ಬಳಿದ. ಸೊಂಟಕ್ಕೆ ಗೋಣಿ ಸುತ್ತಿಸಿದ. ಅಂಗಾರನ ಹತ್ತಿರ ಬಂದು ಬ್ರಶ್ ಎತ್ತಿದವನು ಹಾಗೇ ನಿಂತ.

"ಇಸ್ಕೋ ಜರೂರತ್ ನಹೀಂ," ಎಂದ ಬಾಗಿಲಲ್ಲಿದ್ದ ಹರ್ಷಿತ್. "ಎಣ್ಣೆ ಹಚ್ಚು, ಮಿಂಚಲಿ."

ಕೋಣೆಯಲ್ಲಿದ್ದ ಅಪ್ಪ ಅಮ್ಮಂದಿರು ನಕ್ಕರು. ಒಬ್ಬಳು ಫೋಟೋ ಹೊಡೆದುಕೊಂಡಳು.

ಬಣ್ಣ ಬಳಿದುಕೊಂಡ ಇಮ್ತಿಯಾಜನನ್ನು ಕಂಡು ಅಂಗಾರ ಮುಖ ಆಚೆ ತಿರುಗಿಸಿದ. ಊರಲ್ಲಿ ಕೃಷ್ಣಾಷ್ಟಮಿ ಬಂತೆಂದರೆ ಪೇಟೆಯ ಹುಡುಗರು ಹೀಗೇ ಮೈಗೆ ಮಸಿ ಬಳಿದು, ತಲೆಗೆ ಅಡಿಕೆ ಹಾಳೆಯ ಟೋಪಿ ಇಟ್ಟು, ಕೊರಗರ ವೇಷವೆಂದು ಅಂಗಡಿ ಅಂಗಡಿ ಕುಣಿಯುತ್ತಿದ್ದರು. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಂಥವನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿ, ಪಕ್ಕದಲ್ಲಿ ತಾನೂ ನಿಂತು, ಯಾರದ್ದು ಒಳ್ಳೆಯದಾಗಿದೆ ಹೇಳಿ ಎಂದು ಜನರನ್ನು ಕೇಳಿದ್ದ.

"ಎಂತ ಮಾರಾಯ, ನಡುಗ್ತಾ ಇದ್ದಿ?" ಇಮ್ತಿಯಾಜ್ ಮೆಲ್ಲನೆ ಕೇಳಿದ.

"ಎಸಿ."

"ಒಂದು ಹತ್ತು ನಿಮಿಷ. ಕಣ್ಣು ಮುಚ್ಚಿಕೊಂಡು ನಿಲ್ಲು. ಆಮೇಲೆ ಊರಿಗೆ ಹೋಗುದು ನೀನು."

ನಾಲ್ವರ ಒಂದೊಂದು ಕೈಯನ್ನು ಒಂದೇ ಸರಪಣಿಗೆ ಸೇರಿಸಿ ಕೊಕ್ಕೆ ಹಾಕಿದರು. ಬರಿಗಾಲು. ಪರದೆಯ ಬದಿಯಲ್ಲಿ ನಿಂತಾಗ ಹರ್ಷಿತ್ ಬಂದು ಕೊಕ್ಕೆಗಳನ್ನು ಎಳೆದು ನೋಡಿದ.

"ಸರ್, ನಾಳೆ ಟಿಕೆಟ್..." ಅಂಗಾರ ಬಾಯಿ ತೆರೆದ.

"ಈಗ್ ಹೇಳುದಾ ಅದ್ನ? ಇನ್ನೊಂದ್ ಶಾಲೆಯವ್ರೂ ಈ ನಾಟ್ಕ ಬೇಕಂತಿದ್ರ್. ಮುಂದಿನ್ ತಿಂಗ್ಳ್. ಅದ್ ಮುಗ್ಸ್ಕಂಡ್ ಹೋಗ್."

"ಹೆರಿಗಿ ಈ ತಿಂಗ್ಳೇ ಸರ್!"

"ನೀ ಹೋದ್ರೆ ಹೆರುದ್ ನೀನಾ? ನಿಮ್ಮವ್ರ್ ಗುಡ್ಡಿ ಮೇಲೆ ಹೆರುದಿಲ್ಯಾ?" ಅವನು ಅಂಗಾರನ ಗಲ್ಲ ಹಿಡಿದು ತಲೆಯನ್ನು ಕೆಳಕ್ಕೆ ಒತ್ತಿದ. "ಹೀಂಗ್ ನಿಲ್ಕ್. ಹಾಳ್ ಮಾಡಿದ್ಯೋ, ನಿನ್ ಚರ್ಮ ಸುಲಿತೆ, ಬೋಳಿಮಗನೆ."

ಹೇಳಿ ಅವನು ಹೊರಗೆ ಹೋಗಿ ಮುಂದಿನ ಸಾಲಿನ ಸೋಫಾದಲ್ಲಿ ಪ್ರಿನ್ಸಿಪಾಲರ ಪಕ್ಕ ಕೂತ.

ಪರದೆ ಸರಿಯಿತು. ನಾಲ್ವರೂ ಮರದ ಕಟ್ಟೆಯ ಮೇಲೆ ನಿಂತಿದ್ದರು. ದೀಪ ನೇರ ಕಣ್ಣಿಗೆ ಬಡಿಯುತ್ತಿತ್ತು. ಹುಲ್ಲಿನ ಟೋಪಿ ಹಾಕಿ, ಮೀಸೆ ಅಂಟಿಸಿಕೊಂಡಿದ್ದ ಪ್ರಾಪ್ತಿ ಗಟ್ಟಿ ದನಿಯಲ್ಲಿ ಇಂಗ್ಲಿಷಿನಲ್ಲಿ ಕೂಗಿದಳು. ಈ ಆಳು ಬಲಿಷ್ಠ, ಈ ಆಳಿಗೆ ರೋಗವಿಲ್ಲ, ಈ ಆಳು ಎದುರು ಮಾತಾಡುವುದಿಲ್ಲ. ಮಕ್ಕಳು ಕೈಯೆತ್ತಿ ಬೆಲೆ ಹೇಳಿದರು. ಪ್ರೇಕ್ಷಕರಲ್ಲೂ ಯಾರೋ ಹುಮ್ಮಸ್ಸಿನಲ್ಲಿ ಬೆಲೆ ಏರಿಸಿದರು. ಸಭೆ ನಕ್ಕಿತು.

ಅಂಗಾರನ ಸರದಿ. ಅವನ ಬಾಯಿ ತೆರೆಸಿ ಹಲ್ಲು ತೋರಿಸಬೇಕೆಂದು ನಾಟಕದಲ್ಲಿತ್ತು. ಪ್ರಾಪ್ತಿ ಕೈ ಚಾಚಿದಳು. ಅವಳ ಬೆರಳು ತುಟಿಯ ಹತ್ತಿರ ಬಂದು ನಿಂತಿತು. ದಿನಾ ಬೆಳಗ್ಗೆ ಅವಳ ಕ್ಲಾಸಿನ ನೆಲ ಒರೆಸುವ ಮನುಷ್ಯನ ಕಣ್ಣನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಐ ಡೋಂಟ್ ವಾಂಟ್ ಟು," ಎಂದಳು ಸಣ್ಣದಾಗಿ. ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು.

"ಗೋ ಆನ್, ಪ್ರಾಪ್ತಿ!" ಹರ್ಷಿತ್ ಸೋಫಾದಿಂದ ಅರ್ಧ ಎದ್ದ. ಮತ್ತೆ ಕನ್ನಡದಲ್ಲಿ, "ಬಾಯಿ ತೆಗ್ಯಾ ಕೊರಗಾ!"

ಅಂಗಾರ ತಲೆಯೆತ್ತಿದ.

ಅವನು ಬಾಯಿ ತೆರೆಯಲಿಲ್ಲ. ಹುಡುಗಿಯ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ. ಕಟ್ಟೆಯಿಂದ ಕೆಳಗಿಳಿದ. ಸರಪಣಿ ಬಿಗಿಯಾಗಿ ಇಮ್ತಿಯಾಜನ ಕೈ ಎಳೆಯಿತು.

"ಎಂತದು? ಎಂತದಾ?" ಇಮ್ತಿಯಾಜ್ ಪಿಸುಗುಟ್ಟಿದ.

"ನಾ ಹ್ವಾತೆ. ನೀ ನಿಲ್ಲುದಾದ್ರೆ ಕೊಕ್ಕಿ ಬಿಚ್ಕೊ."

ಇಮ್ತಿಯಾಜ್ ಕೊಕ್ಕೆ ನೋಡಿದ. ಮುಂದಿನ ಸಾಲು ನೋಡಿದ. ಹಿಂದೆ ತಿರುಗಿ ನೇಪಾಳಿಗಳಿಗೆ, "ಚಲೋ ಭಾಯಿ, ಖಲಾಸ್," ಎಂದು ಕೆಳಗಿಳಿದ. ದಿಲ್‌ಬಹಾದ್ದೂರ್ ಇಳಿದ. ಕೃಷ್ಣ ಕಾಲು ಗಟ್ಟಿ ಮಾಡಿ ನಿಂತವನು, ಸರಪಣಿ ಬಿಗಿಯಾಗುತ್ತ ಬಂದಾಗ ತಾನೂ ಇಳಿದ.

ನಾಲ್ವರೂ ವೇದಿಕೆಯ ಮೆಟ್ಟಿಲಿಳಿದು ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದರು. ಸರಪಣಿ ನೆಲಕ್ಕೆ ಉಜ್ಜಿ ಸದ್ದಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಗುಲಾಮರು ಬಿಡುಗಡೆಯಾಗಿ ಹೋಗುವ ದೃಶ್ಯವೆಂದುಕೊಂಡು ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮೊಬೈಲುಗಳು ಮೇಲೆದ್ದವು. ಒಬ್ಬಳು ಹೆಂಗಸು ಕಣ್ಣೊರೆಸಿಕೊಂಡಳು. ಆ ಚಪ್ಪಾಳೆಯ ನಡುವೆ ಹರ್ಷಿತನಿಗೆ ಕೂಗುವುದಕ್ಕಾಗಲಿಲ್ಲ. ಪ್ರಿನ್ಸಿಪಾಲರು ಅವನ ಕೈ ಕುಲುಕುತ್ತಿದ್ದರು.

ಗೋಡೆಗೆ ಒರಗಿ ನಿಂತಿದ್ದ ಫಿಯೋನಾ ಟೀಚರಿಗೆ ನಾಟಕದಲ್ಲಿ ಇದು ಇಲ್ಲವೆಂದು ಗೊತ್ತಿತ್ತು. ಅಂಗಾರ ಎದುರು ಬಂದಾಗ ಅವರು, "ಎಲ್ಲಿಗೆ?" ಎಂದರು. ಅವನು ನಿಲ್ಲಲಿಲ್ಲ. ಅವರೂ ತಡೆಯಲಿಲ್ಲ. ಬಾಗಿಲ ಬಳಿಯಿಂದ ಸರಿದು ನಿಂತರು, ಅಷ್ಟೆ.

*

ಹೊರಗೆ ಮೇ ತಿಂಗಳ ಬಿಸಿಲು. ಗೇಟಿನ ಕಾವಲುಗಾರ ಬಾಯಿ ಬಿಟ್ಟುಕೊಂಡು ನೋಡಿದ. ನಾಲ್ವರೂ ಟಾರು ರಸ್ತೆಯ ಬದಿ ಹಿಡಿದು ನಡೆದರು. ಟಾರು ಕಾದ ಹೆಂಚಿನಂತಿತ್ತು. ಕಾಲಿಟ್ಟಲ್ಲಿ ಇಡಲಾಗದೆ ಬಿಳಿ ಗೆರೆಯ ಮೇಲೆ ಹೆಜ್ಜೆ ಹಾಕಿದರು. ಬೆವರಿಗೆ ಬಣ್ಣ ಕರಗಿ ಇಮ್ತಿಯಾಜನ ಕಣ್ಣಿಗಿಳಿಯುತ್ತಿತ್ತು.

"ಎಲ್ಲಿಗೆ ಹೋಗುದು ಈಗ? ಅಷ್ಟಾದ್ರೂ ಹೇಳು."

"ಲೇಬರ್ ಕಂಪ್ಲೇಂಟ್ ಆಫೀಸ್. ಪಾಸ್‌ಪೋರ್ಟ್ ಕಂಪ್ನಿಯವ್ರ್ ಇಟ್ಕಂಬುಕಾಗ ಅಂಬ್ರ್ ಕಾನೂನ್."

"ಯಾರು ಹೇಳಿದ್ದು?"

"ಎಲ್ಲ್ರೂ ಹೇಳ್ತ್ರ್. ಯಾರೂ ಹೋಪುದಿಲ್ಲ."

ಕೃಷ್ಣ ಅಳುತ್ತಿದ್ದ. ಕೇಸು ಹಾಕುತ್ತಾರೆ, ಕೆಲಸ ಹೋಗುತ್ತದೆ, ಬಿಟ್ಟುಬಿಡಿ ಎಂದು ಹಿಂದಿಯಲ್ಲಿ ಗೋಗರೆದ. ಅಂಗಾರ ನಿಂತು ಕೃಷ್ಣನ ಕೈಯ ಕೊಕ್ಕೆಯನ್ನು ತಾನೇ ಬಿಚ್ಚಿದ. "ಜಾವೋ," ಎಂದ. ಕೃಷ್ಣ ಶಾಲೆಯ ಕಡೆ ನಾಲ್ಕು ಹೆಜ್ಜೆ ಹೋದ. ನಿಂತ. ಮತ್ತೆ ವಾಪಸು ಬಂದು ಸರಪಣಿಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡ.

ಹಿಂದಿನಿಂದ ಕಂಪನಿಯ ಬಸ್ಸು ಬಂತು. ದಿನಾ ಕ್ಯಾಂಪಿನಿಂದ ಶಾಲೆಗೆ ಇವರನ್ನು ಹೊತ್ತು ತರುವ ಅದೇ ಬಸ್ಸು. ಡ್ರೈವರ್ ಹಾಶಿಮ್ ಉಳ್ಳಾಲದವನು, ಹೆಂಡತಿ ಮಕ್ಕಳನ್ನು ಇಲ್ಲಿಗೇ ಕರೆಸಿಕೊಂಡವನು. ಅವನು ಬಸ್ಸನ್ನು ಬದಿಗೊತ್ತಿ ಬಾಗಿಲು ತೆರೆದ. ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನಿನಿಂದ ಹರ್ಷಿತನ ದನಿ ಬರುತ್ತಿತ್ತು.

"ಸಿಕ್ರಾ ನಾಯಿಗಳ್? ಸೀದಾ ಕ್ಯಾಂಪಿಗೆ ತಾ. ರೂಮಲ್ಲ್ ಹಾಕ್. ನಾ ಬತ್ತೆ."

"ಸಿಕ್ಕಿದ್ರು ಸರ್," ಎಂದು ಹಾಶಿಮ್ ಫೋನು ಇಟ್ಟ. ನಾಲ್ವರನ್ನೂ ಮೇಲಿನಿಂದ ಕೆಳಗೆ ನೋಡಿದ. "ಹತ್ತಿ."

"ಬರುದಿಲ್ಲ ಹಾಶಿಮಾಕ," ಎಂದ ಇಮ್ತಿಯಾಜ್. "ನಾವು ಕಂಪ್ಲೇಂಟ್ ಕೊಡ್ಲಿಕ್ಕೆ ಹೋಗುದು."

"ಕಾಲು ಬೆಂದು ಹೋಗ್ತದೆ. ಹತ್ತಿ ಹೇಳಿದ್ದು."

ಯಾರೂ ಅಲ್ಲಾಡಲಿಲ್ಲ. ಹಾಶಿಮ್ ಸ್ಟೀರಿಂಗ್ ಮೇಲೆ ಕೈಯಿಟ್ಟು ಎದುರಿನ ರಸ್ತೆ ನೋಡುತ್ತ ಕೂತ. ಹಿಂದೆ ಲಾರಿಯೊಂದು ಹಾರ್ನ್ ಬಾರಿಸಿತು.

"ನಂಗೂ ಮಕ್ಕಳುಂಟು ಮಾರಾಯ್ರೆ," ಎಂದ ಯಾರನ್ನೂ ನೋಡದೆ. ಆಮೇಲೆ, "ಹತ್ತಿ. ನಾನು ಬಿಟ್ಟು ಬರ್ತೇನೆ."

ಎಲ್ಲಿಗೆ ಎಂದು ಅವನು ಹೇಳಲಿಲ್ಲ. ಅಂಗಾರ ಹತ್ತಿದ.

ಕ್ಯಾಂಪಿನ ಕಡೆ ಎಡಕ್ಕೆ ತಿರುಗುವ ಸಿಗ್ನಲ್ಲಿನಲ್ಲಿ ಕೆಂಪು ದೀಪವಿತ್ತು. ನಾಲ್ವರೂ ಸೀಟಿನಲ್ಲಿ ಕೂರದೆ ನಿಂತೇ ಇದ್ದರು. ಫೋನು ಮತ್ತೆ ಬಡಿದುಕೊಂಡಿತು. ಹಾಶಿಮ್ ಎತ್ತಲಿಲ್ಲ. ಇಮ್ತಿಯಾಜ್ ಅವನ ಹೆಗಲು ಹಿಡಿಯಲೆಂದು ಕೈ ಎತ್ತಿದವನು ಹಾಗೇ ಇಳಿಸಿದ. ಹಸಿರು ಬಿತ್ತು. ಬಸ್ಸು ನೇರ ಹೋಯಿತು.

ಆಫೀಸಿನ ಎದುರು ಅವರನ್ನು ಇಳಿಸಿ ಹಾಶಿಮ್ ಇಂಜಿನ್ ಆರಿಸಲಿಲ್ಲ, ಕೆಳಗೂ ಇಳಿಯಲಿಲ್ಲ. "ನಾನು ನಿಮ್ಮನ್ನು ನೋಡ್ಲಿಲ್ಲ," ಎಂದು ಬಾಗಿಲು ಮುಚ್ಚಿಕೊಂಡು ಹೋದ.

ಗಾಜಿನ ಬಾಗಿಲು ತಾನಾಗಿ ತೆರೆಯಿತು. ಒಳಗೆ ತಂಪು. ಸಾಲು ಕುರ್ಚಿಗಳಲ್ಲಿ ಕೂತಿದ್ದ ಕೆಲಸಗಾರರೆಲ್ಲ ತಿರುಗಿ ನೋಡಿದರು. ಯಾರೂ ನಗಲಿಲ್ಲ. ಬಿಳಿಯ ನೆಲದ ಮೇಲೆ ಎಣ್ಣೆಯ, ಕಪ್ಪು ಬಣ್ಣದ ಹೆಜ್ಜೆಗಳು ಮೂಡುತ್ತ ಬಂದವು. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಹಿಡಿದು ನಿಂತವಳು, ಒರೆಸಲು ಬರಲಿಲ್ಲ.

ಕೌಂಟರಿನ ಹಿಂದಿದ್ದ ಯುವಕ ಎದ್ದು ನಿಂತ. ಅವರ ಕೈಗಳನ್ನು ನೋಡಿದ, ಗೋಣಿ ನೋಡಿದ, ಮತ್ತೆ ಕೈಗಳನ್ನು ನೋಡಿದ. ದಿನಾ ಹೇಳುವುದನ್ನೇ ಹೇಳಿದ.

"ಒನ್ ಬೈ ಒನ್, ಪ್ಲೀಸ್."

"ನೋ ಸರ್," ಎಂದ ಅಂಗಾರ. ಸರಪಣಿ ಹಾಕಿದ್ದ ಕೈಯನ್ನು ಕೌಂಟರಿನ ಮೇಲಿಟ್ಟ. ಉಳಿದ ಮೂವರ ಕೈಗಳೂ ಒಂದೊಂದಾಗಿ ಅಲ್ಲಿಗೆ ಬಂದವು. "ಟುಗೆದರ್."